ನಮ್ಮ ಮನೆಯ ಸ್ವಿಂಗು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.20

ಎರಡು ಬುಟ್ಟಿ ಗಾಲ್ಫ್ ಚೆಂಡು ಹೊಡೆದು ಮುಗಿಸಿದಳು ಕಡ್ಡಿ. ಒಂದು ಬುಟ್ಟಿ ಸೆವೆನ್ ಐರನ್ ಕ್ಲಬ್ಬಿನಲ್ಲಿ, ಇನ್ನೊಂದು ದೂರ ಹೊಡೆಯುವ ಡ್ರೈವರ್‌ನಲ್ಲಿ. ಹದಿನೈದು ತುಂಬಿದರೂ ಮೊಮ್ಮಗಳ ಮೈಮೇಲೆ ಮಾಂಸವಿಲ್ಲ, ಅದಕ್ಕೇ ಮನೆಯಲ್ಲಿ ಆ ಹೆಸರು. ನಿಲುವು ಮಾತ್ರ ನನ್ನದೇ.

ಚೆಂಡು ಎಡಕ್ಕೆ ಹೊರಡಬೇಕು, ಕೊನೆಯಲ್ಲಿ ಮೆಲ್ಲಗೆ ಬಲಕ್ಕೆ ವಾಲಿ ಬೀಳಬೇಕು. ಹೊಡೆದ ಮೇಲೂ ಎಡಗೈ ಮಣಿಕಟ್ಟು ಬಿಗಿ. ತಿರುಗಿಸಕೂಡದು. ಇದು ನಮ್ಮ ಮನೆಯ ಸ್ವಿಂಗು. ಮಗನಿಗೆ ಕಲಿಸಿದೆ, ಮನೆ ಮುಂದಿನ ಈ ಅಭ್ಯಾಸದ ರೇಂಜಿಗೆ ಬಂದ ಎಲ್ಲರಿಗೂ ಕಲಿಸಿದೆ. ಹಿಂದಿನಿಂದ "ಹೆಡ್‌ಮಿಸ್" ಅನ್ನುತ್ತಾರೆ. ಅನ್ನಲಿ. ಹದಿನಾಲ್ಕು ಮ್ಯಾಟ್ ಮೇಲೆ ಹದಿನಾಲ್ಕು ಜನ ಒಂದೇ ಥರ ಹೊಡೆಯುವುದನ್ನು ನೋಡಲು ಪುಣ್ಯ ಬೇಕು.

ಏಪ್ರಿಲ್ 6ಕ್ಕೆ ಜೂನಿಯರ್ ತಂಡದ ಆಯ್ಕೆ. ಹೋದ ವರ್ಷ ಎರಡು ಹೊಡೆತದಲ್ಲಿ ತಪ್ಪಿತು. ಡ್ರೈವ್ ದೂರ ಹೋಗುವುದಿಲ್ಲ ಎಂದರು. ಈ ವರ್ಷ ತಪ್ಪಿದರೆ ವಯಸ್ಸು ಮೀರಿತು. ಆ ದಿನ ಅವಳ ಕ್ಲಬ್ಬುಗಳ ಬ್ಯಾಗ್ ಹೊತ್ತು ಜೊತೆಗೆ ನಡೆಯುವುದು ನಾನೇ ಎಂದು ಹೇಳಿಬಿಟ್ಟಿದ್ದೇನೆ.

ನಾದಿನಿ ಬಂದು ಇವತ್ತಿಗೆ ಮೂರು ವಾರ. ಯಜಮಾನರ ತಂಗಿ. ಗಂಡ ಹೋದ ಮೇಲೆ ಅಲ್ಲಿ ಒಬ್ಬಳೇ ಯಾಕೆ ಅಂತ ಮಗ ಕರೆತಂದು ಮಹಡಿಯ ಕೋಣೆ ಕೊಟ್ಟ. ನನ್ನನ್ನು ಕೇಳಿದ, ಹೂಂ ಅಂದೆ. ಬೇರೇನು ಅನ್ನುವುದು. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತು ರೇಂಜ್ ನೋಡುತ್ತಾಳೆ. ನೋಡಲಿ, ನೋಟಕ್ಕೆ ಟಿಕೆಟ್ ಇಲ್ಲ.

ಮಾರ್ಚ್ 5, ಬುಧವಾರ

ಕಾಫಿ ಲೋಟದ ಸಮೇತ ಕೆಳಗಿಳಿದು ಬಂದಳು.

"ಅತ್ತಿಗೆ, ಮಗು ಕೈ ಎಷ್ಟು ಬಿಗಿ ಹಿಡೀತಾಳೆ ಅಲ್ವಾ."

"ಹಾಗೇ ಹಿಡೀಬೇಕು."

"ನಮ್ಮ ಅಣ್ಣ ಹಾಗೆ ಹೇಳಿಕೊಟ್ಟಿರ್ಲಿಲ್ಲ."

"ನಿಮ್ಮಣ್ಣ ಹೇಳಿಕೊಟ್ಟಿದ್ದರಲ್ಲಿ ನೀನು ಎಷ್ಟು ಕಪ್ ಗೆದ್ದೆ?"

ನಕ್ಕುಬಿಟ್ಟಳು. ಅವಳಿಗೆ ಸಿಟ್ಟು ಬರಿಸಲು ಮೂವತ್ತು ವರ್ಷದ ಹಿಂದೆಯೂ ಆಗುತ್ತಿರಲಿಲ್ಲ. ಏಳು ಸಲ ಫೈನಲ್‌ನಲ್ಲಿ ಎದುರು ಬದುರಾದೆವು. ಆರು ಸಲ ಕಪ್ಪು ನನ್ನದು. ಸೋತ ಪ್ರತಿಸಲವೂ ಇದೇ ನಗೆ. ನೋಡಿದವರಿಗೆ ಗೆದ್ದವಳು ಅವಳೇ ಅನ್ನಿಸಬೇಕು.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಚೆಂಡು ತೊಳೆಯುವ ಶೆಡ್‌ನಲ್ಲಿದ್ದೆ. ಹಿಂದಿನಿಂದ ಶಬ್ದ. ಸುಂಯ್… ಸುಂಯ್… ಕಿಟಕಿಯಿಂದ ನೋಡಿದೆ. ಮೊಮ್ಮಗಳು ಕ್ಲಬ್ಬನ್ನು ತಲೆಕೆಳಗು ಹಿಡಿದು ಗಾಳಿಗೆ ಬೀಸುತ್ತಿದ್ದಾಳೆ. ನಾದಿನಿ ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತಿದ್ದಾಳೆ, ಸಂಗೀತ ಕೇಳಲು ಬಂದವಳ ಹಾಗೆ.

"ಶಬ್ದ ಎಲ್ಲಿ ಬಂತು?"

"ಚೆಂಡಿಡೋ ಜಾಗಕ್ಕಿಂತ ಮುಂಚೆ, ಚಿಕ್ಕಜ್ಜಿ."

"ಚೆಂಡು ದಾಟಿದ ಮೇಲೆ ಬರಬೇಕು. ಕೈ ತೊಳೆದು ನೀರು ಕೊಡವ್ತೀಯಲ್ಲ, ಹಾಗೆ ಬಿಟ್ಟುಬಿಡು. ಅಂಗೈ ಆಕಾಶ ನೋಡಲಿ."

ಬಿಟ್ಟಳು. ಸುಂಯ್ ಅಂದಿತು, ಚೆಂಡು ದಾಟಿದ ಮೇಲೆ. ಹುಡುಗಿ ಕುಣಿದಾಡಿದಳು. ನನ್ನ ಹತ್ತಿರ ಒಂಬತ್ತು ವರ್ಷ ಕಲಿತಿದ್ದಾಳೆ, ಒಂದು ದಿನ ಹೀಗೆ ಕುಣಿದಿಲ್ಲ. ನಾನು ಕುಣಿಯಲು ಬಿಡುವವಳೂ ಅಲ್ಲ. ಅದು ಬೇರೆ ಮಾತು.

ಹೊರಗೆ ಹೋಗಿ "ಕ್ಲಬ್ ಗ್ರಿಪ್ ಮಣ್ಣಾಗುತ್ತೆ, ಇಡು" ಅಂದೆ. ಇಟ್ಟಳು. ಅವಳ ಕಣ್ಣು ಒಮ್ಮೆ ನಾದಿನಿಯ ಕಡೆ ಹೋಗಿ ಬಂತು. ಅಷ್ಟೇ. ಅಷ್ಟು ಸಾಕಾಯಿತು ನನಗೆ.

ಮಾರ್ಚ್ 10, ಸೋಮವಾರ

ರೇಂಜಿನಲ್ಲಿ ಬೋರ್ಡ್ ಹಾಕಿಸಿದೆ. "ಕ್ಲಬ್ ತಲೆಕೆಳಗು ಹಿಡಿಯಬಾರದು." ಮಗ ಓದಿ ತಲೆ ಕೆರೆದುಕೊಂಡ.

"ಯಾರಮ್ಮ ಹಿಡೀತಾರೆ ಹಾಗೆ?"

"ಹಿಡಿಯೋರಿದಾರೆ."

ಸೊಸೆ ಒಳಗೆ ಹೋಗಿ ನಕ್ಕಳು. ಪಾತ್ರೆ ಶಬ್ದ ಜೋರು ಮಾಡಿ ನಕ್ಕರೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾಳೆ.

ಸಂಜೆ ಮೊಮ್ಮಗಳ ಸಾಕ್ಸ್ ಹುಡುಕಿದೆ. ಮಹಡಿಯ ಕೋಣೆಯಲ್ಲಿದ್ದವು. ಮಡಿಸಿ ಇಟ್ಟಿದ್ದಳು ಆ ಮಹಾರಾಯಿತಿ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 8

ಹತ್ತು ದಿನ ಬರೆಯಲಿಲ್ಲ. ಬರೆದರೆ ಒಂದೇ ಮಾತು ಬರೆಯಬೇಕಾಗುತ್ತಿತ್ತು.

ಹೋದ ವಾರ ಮೊಮ್ಮಗಳು ನೇರವಾಗಿ ಕೇಳಿದಳು. "ಅಜ್ಜಿ, ಆಯ್ಕೆಗೆ ದೂರ ಬೇಕು. ಚಿಕ್ಕಜ್ಜಿ ಹತ್ರ ಸ್ವಲ್ಪ ದಿನ ಕಲೀಲಾ?" ಮಗನ ಮುಂದೆ, ಸೊಸೆಯ ಮುಂದೆ. ಕಲಿ ಅಂದೆ. ದೊಡ್ಡ ಮನಸ್ಸಿನವಳ ಹಾಗೆ ಅಂದೆ.

ಇವತ್ತು ಅವರಿಬ್ಬರು ಹದಿನಾಲ್ಕನೇ ಮ್ಯಾಟಿನಲ್ಲಿ. ನಾನು ಒಂದನೇ ಮ್ಯಾಟಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿಗೆ ಗ್ರಿಪ್ ಹಿಡಿಯಲು ಕಲಿಸುತ್ತಿದ್ದೆ. ಕಣ್ಣು ಅಲ್ಲೇ. ಡಾಕ್ಟರು ಎರಡು ಸಲ "ಮೇಡಂ, ಸರಿನಾ?" ಅಂದರು. ಏನು ಸರಿಯೋ ನೋಡಿದ್ದರೆ ತಾನೇ.

ಮೊಮ್ಮಗಳ ಕೈ ಸಡಿಲವಾಗಿದೆ. ಸುಳ್ಳು ಬರೆಯಲಾರೆ, ಚೆಂಡಿಗೆ ಬೀಳುವ ಏಟಿನ ಸದ್ದೇ ಬೇರೆ. ಆದರೆ ಪ್ರತಿ ಚೆಂಡೂ ಎಡಗಡೆಯ ಬಲೆಗೆ. ಇಪ್ಪತ್ತು ಹೊಡೆದರೆ ಹದಿನೆಂಟು ಬಲೆಗೆ. ನಾದಿನಿ ಗ್ರಿಪ್ ನೋಡಿದಳು, ಭುಜ ನೋಡಿದಳು, ತಲೆ ಹಿಡಿದು ನೋಡಿದಳು. ಊರಾಚೆಯ ಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು. ಆದರೂ ತಪ್ಪು ಸಿಗಲಿಲ್ಲ.

ನನಗೆ ಒಂದೇ ನೋಟಕ್ಕೆ ಸಿಕ್ಕಿತು. ಪಾದ. ಬಿಗಿ ಕೈಯಲ್ಲಿ ಚೆಂಡು ಬಲಕ್ಕೆ ವಾಲುತ್ತದೆಂದು ಒಂಬತ್ತು ವರ್ಷ ಪಾದಗಳನ್ನು ಎಡಕ್ಕೆ ನಿಲ್ಲಿಸಿದವಳು ನಾನು. ಕೈ ಬದಲಾಯಿತು, ಪಾದ ಹಾಗೇ ನಿಂತಿದೆ. ಪಾದ ಒಂದು ಗೇಣು ತಿರುಗಿಸಿದರೆ ಮುಗಿಯಿತು.

ಹೇಳಲಿಲ್ಲ. ಹುಡುಕಲಿ.

ಮಾರ್ಚ್ 23, ಭಾನುವಾರ

ಹೇಳಲಿಲ್ಲ. ಇವತ್ತೂ ಬಲೆ.

ಮಾರ್ಚ್ 28, ಶುಕ್ರವಾರ. ಸಂಜೆ 5

ಮೊಮ್ಮಗಳು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಎರಡು ಕೈಯಲ್ಲೂ ಬೊಬ್ಬೆ.

"ಅಜ್ಜಿ, ನಿಮ್ಮದೇ ಸರಿ. ನಾನು ಹಳೇ ಥರಾನೇ ಆಡ್ತೀನಿ."

"ಚಿಕ್ಕಜ್ಜಿ ಏನಂದ್ರು?"

"ಅವರಿಗೂ ಗೊತ್ತಾಗ್ತಿಲ್ಲ. ನನ್ನಿಂದಾನೇ ಕೆಟ್ಟೋಯ್ತು ಅಂದ್ರು."

ಗೆದ್ದೆ. ಏಳನೇ ಕಪ್ಪೂ ನನಗೇ ಬಂತು. ಕೈಗೆ ಮುಲಾಮು ಹಚ್ಚಿದೆ, ಬಟ್ಟೆ ಸುತ್ತಿದೆ, ತಲೆ ಸವರಿದೆ. ಆಮೇಲೆ ಎದ್ದು ಹೋಗಿ ಹಳೇ ಥರ ಹೊಡೆದಳು. ಮಣಿಕಟ್ಟು ಬಿಗಿ, ಎಡಕ್ಕೆ ಹೊರಟು ಬಲಕ್ಕೆ ವಾಲಿತು. ಚೆಂದವಾಗಿ ಬಿತ್ತು. ನೂರಾ ಅರವತ್ತು ಗಜದ ಬೋರ್ಡಿನ ಹತ್ತಿರ. ಹೋದ ವರ್ಷ ಬಿದ್ದ ಜಾಗದಲ್ಲೇ.

ಮುಂದಿನ ಚೆಂಡೂ ಅಲ್ಲೇ. ಅದರ ಮುಂದಿನದೂ ಅಲ್ಲೇ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಶೆಡ್‌ನಲ್ಲಿ ಯಾರೂ ಇಲ್ಲದಾಗ ಕ್ಲಬ್ ತಲೆಕೆಳಗು ಹಿಡಿದು ಬೀಸಿದೆ. ನನ್ನ ಬೋರ್ಡ್ ನಾನೇ ಮೀರಿದೆ. ಸದ್ದೇ ಬರಲಿಲ್ಲ. ಬರುವುದು ಹೇಗೆ? ಈ ಕೈ ತಿರುಗುವುದಿಲ್ಲ.

ಇಲ್ಲಿ ಬರೆದರೆ ಯಾರು ಓದುತ್ತಾರೆ. ಬರೆಯುತ್ತೇನೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಸ್ಟೂಲ್ ಮೇಲಿಂದ ಬಿದ್ದು ಎಡ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದಾಗ ಮೂಳೆ ಓರೆಯಾಗಿ ಕೂಡಿತ್ತು. ಅಂಗೈ ಪೂರ್ತಿ ಮೇಲಾಗುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ. ತವರಿಗೆ ಹೋಗಿದ್ದೆ ಎಂದು ಗಾಲ್ಫ್ ಕ್ಲಬ್ಬಿನವರಿಗೆ ಹೇಳಿದೆವು. ಮುಂದಿನ ವರ್ಷ ಅದೇ ಕೈಯಲ್ಲಿ, ಎಡಕ್ಕೆ ನಿಂತು ಬಲಕ್ಕೆ ವಾಲಿಸಿ, ಕಪ್ ಗೆದ್ದೆ. ಏನು ಹೊಸ ಪದ್ಧತಿ ಎಂದು ಎಲ್ಲರೂ ಕೇಳಿದರು. ಇದೇ ಸರಿಯಾದ ಪದ್ಧತಿ ಅಂದೆ. ಅನ್ನುತ್ತಾ ಅನ್ನುತ್ತಾ ನಾನೂ ನಂಬಿದೆ.

ಗೊತ್ತಿದ್ದವರು ಯಜಮಾನರು ಮತ್ತು ನಾದಿನಿ, ಇಬ್ಬರೇ. ಯಜಮಾನರು ಹೋದರು.

ಮಹಡಿ ಹತ್ತಿದೆ. ಅವಳು ಬಂದಾಗಿನಿಂದ ಮೊದಲ ಸಲ. ಬಾಗಿಲಲ್ಲೇ ಕೇಳಿದೆ.

"ನನ್ನ ಕೈ ವಿಷಯ ಅವಳಿಗೆ ಹೇಳಿದೀಯಾ?"

"ಯಾವ ಕೈ?"

"ನಾಟಕ ಬೇಡ."

"ಕೂತ್ಕೊಳ್ಳಿ ಅತ್ತಿಗೆ. ಅಜ್ಜಿ ಯಾಕೆ ಹಾಗೆ ಹಿಡೀತಾರೆ ಅಂತ ದಿನಾ ಕೇಳ್ತಾಳೆ. ಅಜ್ಜೀನೇ ಕೇಳು ಅಂದೆ. ನಿಮ್ಮನ್ನ ಕೇಳೋಕೆ ಯಾರಿಗೆ ಧೈರ್ಯ ಇದೆ?"

"ಹೇಳಿದ್ರೆ ನೀನು ಗೆಲ್ತಿದ್ದೆಯಲ್ಲ."

"ಅದು ನಿಮ್ಮ ಕೈ. ನಾನ್ಯಾಕೆ ಹೇಳ್ಲಿ."

ನಲವತ್ತು ವರ್ಷ ಬಾಯಿ ಬಿಟ್ಟಿಲ್ಲ. ಆರು ಫೈನಲ್ ಸೋತಾಗಲೂ ಬಿಟ್ಟಿಲ್ಲ. ಈ ದೊಡ್ಡತನವೂ ಇವಳಿಗೇ ಬೇಕಿತ್ತಾ. ಕೂರಲಿಲ್ಲ. ಇಳಿದು ಬಂದೆ. ಮೆಟ್ಟಿಲ ಮೇಲೆ ಹೊಟ್ಟೆ ಉರಿಯಿತು, ನಿಜವಾಗಿ, ಮಾತ್ರೆ ನುಂಗುವಷ್ಟು.

ಏಪ್ರಿಲ್ 2, ಬುಧವಾರ. ಬೆಳಿಗ್ಗೆ 9

ರೇಂಜ್ ತೆರೆಯುವ ಮೊದಲೇ ಕಡ್ಡಿಯನ್ನು ಕರೆದೆ.

"ನಿನ್ನ ಎಡಗೈ ಚಾಚು. ಅಂಗೈ ಮೇಲೆ ಮಾಡು."

ಮಾಡಿದಳು. ತಟ್ಟೆಯ ಹಾಗೆ ಚಪ್ಪಟೆ. ಪಕ್ಕದಲ್ಲಿ ನನ್ನದು ಚಾಚಿದೆ. ಅರ್ಧಕ್ಕೆ ನಿಂತಿತು. ಅವಳು ತಮಾಷೆ ಅಂದುಕೊಂಡು ತಿರುಗಿಸಲು ನೋಡಿದಳು. ನೋವಿಗೆ ಹಲ್ಲು ಕಚ್ಚಿದೆ. ಆಗ ಬಿಟ್ಟಳು.

"ನಮ್ಮ ಮನೆಯ ಸ್ವಿಂಗ್ ಅಂದ್ರೆ ಇಷ್ಟೇ ಕಣೇ. ಮುರಿದ ಕೈ. ನಿನ್ನ ಕೈಗೆ ಏನೂ ಆಗಿಲ್ಲ."

ನನ್ನ ಮಣಿಕಟ್ಟನ್ನು ಮುಟ್ಟಿ ನೋಡಿದಳು. ಅಳುತ್ತಾಳೆ, ಬೈಯುತ್ತಾಳೆ, ಎರಡಕ್ಕೂ ಸಿದ್ಧಳಾಗಿದ್ದೆ.

"ಹಾಗಾದ್ರೆ ಅಜ್ಜಿ, ಅಪ್ಪನ ಕೈ ಯಾವಾಗ ಮುರೀತು?"

ನಗಬಾರದು ಅಂದುಕೊಂಡೆ. ನಕ್ಕೆ. ಪಾಪ, ನನ್ನ ಮಗ. ಪಾಪ, ಹಲ್ಲಿನ ಡಾಕ್ಟರು. ಹದಿನಾಲ್ಕು ಮ್ಯಾಟ್ ತುಂಬ ಮುರಿಯದ ಕೈಗಳು ಮುರಿದ ಹಾಗೆ ಆಡುತ್ತಿವೆ.

ನಗು ನಿಂತ ಮೇಲೆ ಉಳಿದದ್ದನ್ನೂ ಹೇಳಿದೆ. ಪಾದದ ವಿಷಯ. ಹನ್ನೆರಡು ದಿನದಿಂದ ಗೊತ್ತಿತ್ತು ಅಂತಲೂ ಹೇಳಿದೆ. ಆಗ ಅವಳ ಮುಖ ಬದಲಾಯಿತು. ಬಟ್ಟೆ ಸುತ್ತಿದ ಕೈ ನೋಡಿಕೊಂಡಳು.

"ಗೊತ್ತಿದ್ದೂ ಹೇಳ್ಲಿಲ್ವಾ?"

"ಇಲ್ಲ."

"ಯಾಕೆ?"

"ಅವಳ ಹತ್ರ ಹೋಗಿದ್ದೆಯಲ್ಲ, ಅದಕ್ಕೆ."

ನೆಲದ ಮೇಲೆ ಒಂದು ಐರನ್ ಮಲಗಿಸಿ, ಅದರ ಗೆರೆಗೆ ಪಾದ ಇಡು ಅಂದೆ. ನನ್ನ ಕಡೆ ನೋಡದೆ ಇಟ್ಟಳು. ಕೈ ಬಿಡು ಅಂದೆ. ಬಿಟ್ಟಳು. ಚೆಂಡು ನೇರ ಹೋಯಿತು. ಇನ್ನೂರರ ಬೋರ್ಡ್ ದಾಟಿ, ಪುಟಿದು, ಹಿಂದಿನ ಬಲೆಗೆ ತಾಗಿತು. ನನ್ನ ಜೀವಮಾನದಲ್ಲಿ ನಾನು ಅಲ್ಲಿಗೆ ಹೊಡೆದಿಲ್ಲ.

ಕ್ಲಬ್ ಬಿಸಾಕಿ ಓಡಿದಳು. "ಚಿಕ್ಕಜ್ಜೀ!" ಎಂದು ಕೂಗುತ್ತ ಮೆಟ್ಟಿಲು ಹತ್ತಿದಳು. ನಾನು ಚೆಂಡು ಹೆಕ್ಕಿದೆ.

ಏಪ್ರಿಲ್ 5, ಶನಿವಾರ. ಮಧ್ಯಾಹ್ನ 3

ಮೂರು ದಿನ ಲೆಕ್ಕ ಹಾಕಿ ನೋಡಿದ್ದೇನೆ. ನಾನು ಹಿಂದೆ ನಿಂತರೆ ಅವಳ ಎಡಗೈ ತಾನಾಗಿ ಬಿಗಿಯುತ್ತದೆ. ನಾನು ಶೆಡ್‌ಗೆ ಹೋದರೆ ಸಡಿಲ. ಒಂಬತ್ತು ವರ್ಷದ ಅಭ್ಯಾಸ, ಅವಳ ತಪ್ಪಲ್ಲ. ಸಿಟ್ಟೂ ಇರಬಹುದು. ನನ್ನೊಡನೆ ಬೇಕಾದಷ್ಟೇ ಮಾತು.

ಊಟದ ಹೊತ್ತಿನಲ್ಲಿ ನಾದಿನಿಗೆ ಹೇಳಿದೆ. "ನಾಳೆ ಬ್ಯಾಗ್ ನೀನು ಹೊರು. ನನಗೆ ಮಂಡಿ ನೋವು."

"ನಿಮ್ಮ ಮಂಡಿಗೇನಾಗಿದೆ? ನಿನ್ನೆ ಏಣಿ ಹತ್ತಿದ್ರಲ್ಲ, ನಿಮ್ಮ ಆ 'ಹಿಡಿಯಬಾರದು' ಬೋರ್ಡ್ ಕೀಳೋಕೆ."

"ಅದಕ್ಕೇ ನೋವು."

ಮೊಮ್ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಬೇಡ ಅಜ್ಜಿ, ನೀವೇ ಬನ್ನಿ ಅನ್ನುತ್ತಾಳೇನೋ ಎಂದು ಕಾದೆ. ಎರಡು ತುತ್ತು ಹೆಚ್ಚೇ ತಿಂದೆ, ಕಾಯಲು ನೆಪ ಬೇಕಿತ್ತು. ಅನ್ನಲಿಲ್ಲ.

ನಾದಿನಿ ಶೂ ಒರೆಸುತ್ತಿದ್ದಾಳೆ. ಇಲ್ಲಿಗೆ ಕೇಳಿಸುತ್ತಿದೆ. ಗುನುಗುತ್ತಿದ್ದಾಳೆ ಬೇರೆ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 8.35

ಸ್ಕೋರ್ ಬರೆಯುವವರ ಟೆಂಟ್ ಹಿಂದೆ ಕುರ್ಚಿ ಹಾಕಿಕೊಂಡಿದ್ದೇನೆ. ಮೊದಲ ಹೊಡೆತ ಹೊಡೆಯುವ ಟೀ ದಿಬ್ಬ ನನಗೆ ಕಾಣುತ್ತದೆ, ಅಲ್ಲಿಂದ ನಾನು ಕಾಣುವುದಿಲ್ಲ. ಮಗ ಸೊಸೆ ಹಗ್ಗದ ಹತ್ತಿರ ಮುಂದೆ ನಿಂತಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಮುಂಚಿನ ಹುಡುಗಿ ಹೊಡೆದಳು. ಇನ್ನೂರು ಗಜ ಇರಬಹುದು.

ಈಗ ನಮ್ಮವಳು. ನಾದಿನಿ ಡ್ರೈವರ್ ತೆಗೆದುಕೊಟ್ಟಳು. ಏನೋ ಹೇಳಿದಳು, ಇಬ್ಬರೂ ನಕ್ಕರು. ನಗಲಿ. ಪಾದ… ಪಾದ ಸರಿ ಇಟ್ಟಳು. ಭೇಷ್.

ಮತ್ತೆ ಹಿಂದೆ ಸರಿದಳು. ಯಾರನ್ನೋ ಹುಡುಕುತ್ತಿದ್ದಾಳೆ. ಹಗ್ಗದ ಉದ್ದಕ್ಕೂ ನೋಡುತ್ತಿದ್ದಾಳೆ. ಅಪ್ಪ ಅಮ್ಮ ಎದುರಿಗೇ ಇದ್ದಾರೆ, ಅವರನ್ನು ದಾಟಿ ನೋಡುತ್ತಿದ್ದಾಳೆ. ನಾದಿನಿಯನ್ನಿರಬೇಕು… ಅಲ್ಲ, ನಾದಿನಿ ಪಕ್ಕದಲ್ಲೇ ಇದ್ದಾಳೆ.

ತೀರ್ಪುಗಾರರು ಗಡಿಯಾರ ನೋಡಿದರು. ಎದ್ದರೆ ಕಾಣುತ್ತೇನೆ. ಕಂಡರೆ ಕೈ ಬಿಗಿದೀತು. ಕಾಣದಿದ್ದರೆ ಇವಳು ಹೊಡೆಯುವ ಹಾಗೆ ಕಾಣುವುದಿಲ್ಲ.

ಎದ್ದೆ. ನಿಂತುಕೊಂಡೇ ಬರೆಯುತ್ತಿದ್ದೇನೆ. ಕಂಡಳು. ನಗಲಿಲ್ಲ. ಎಡಗೈ ಚಾಚಿ, ಅಂಗೈ ಮೇಲೆ ಮಾಡಿ ತೋರಿಸಿದಳು. ಈಗ ಚೆಂಡಿನ ಮುಂದೆ. ಕ್ಲಬ್ ಹಿಂದಕ್ಕೆ ಹೋಯಿತು, ಮೇಲೆ—