ನನ್ನ ಗಾಂಧಾರ, ನಿನ್ನ ಬೇಸ್

ಲಹರಿ,

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಿದ್ಧಾರ್ಥನಗರಕ್ಕೆ, ನಿಮ್ಮ ಬ್ಯಾಂಡಿನ ಸಮರ್ಥನ ಮನೆಗೆ ಹೊರಟಿದ್ದೇನೆ. ಚಿತ್ರಾನ್ನ ಮುಚ್ಚಿಟ್ಟಿದ್ದೇನೆ, ತಿನ್ನು. ನನ್ನ ಮೇಲಿನ ಸಿಟ್ಟಿಗೆ ಹಸಿದಿರಬೇಡ.

ಇವತ್ತು ಸಂಜೆಯ ನಮ್ಮ ಕಛೇರಿಗೆಂದು ನಿನ್ನೆ ಮಾಡಿದ ಪ್ರಾಕ್ಟೀಸಿನಲ್ಲಿ ನಾನು ಗಾಂಧಾರದಲ್ಲಿ ನಿಂತಿದ್ದಾಗ ನಿನ್ನ ಬೇಸ್ ಗಿಟಾರ್ ಷಡ್ಜ ಬಿಟ್ಟು ಧೈವತಕ್ಕೆ ಇಳಿಯಿತು. ಜೀವಮಾನವೆಲ್ಲ ತಂಬೂರಿಯ ಜೊತೆ ಹಾಡಿದವಳು ನಾನು. ಶ್ರುತಿಯೇ ಜಾರಿತು ಅಂದುಕೊಂಡು, "ಕಿವಿ ಎಲ್ಲಿಟ್ಟಿದ್ದೀಯೇ?" ಅಂತ ಎಲ್ಲರೆದುರೂ ಗದರಿದೆ. "ಹಂಗಾದ್ರೆ ನಾಳೆ ನಾನು ನುಡಿಸಲ್ಲ ಬುಡಿ ಅಜ್ಜಿ" ಅಂದೆ ನೀನು. ಆದರೂ ಹೋಗುವ ಮುಂಚೆ ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಟ್ಟೇ ಹೋದೆ.

ಇವತ್ತು ವೀಣೆ ತೆಗೆದು ನೋಡಿದೆ. ಬಾಯಲ್ಲಿ ಅದೇ ಗಾಂಧಾರ. ಕೆಳಗೆ ಷಡ್ಜ ಮೀಟಿದರೆ ಅದು ನಗುತ್ತದೆ, ಧೈವತ ಮೀಟಿದರೆ ಅದರ ಕಣ್ಣು ತುಂಬುತ್ತದೆ! ನೀವು ಗಿಟಾರಿನವರು ಹೇಳುವ ಕಾರ್ಡ್, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುವುದು ಅಂದರೆ ಇದೇ ತಾನೇ? ತಪ್ಪಿದ್ದು ನೀನಲ್ಲ. ಸಮರ್ಥನೆದುರು ಬೈದದ್ದಕ್ಕೆ ಅವನೆದುರೇ ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಸಂಜೆ ಗಿಟಾರ್ ತೆಗೆದುಕೊಂಡು ಸಭಾಂಗಣಕ್ಕೆ ಬಾ ಕಣಮ್ಮ. ನಾನು ಗಾಂಧಾರ ಬಿಡುವುದಿಲ್ಲ. ಕೆಳಗೆ ನೀನು ಎಲ್ಲೆಲ್ಲಿ ಬೇಕೋ ಸುತ್ತಾಡು. ಕೊನೆಗೆ ಷಡ್ಜಕ್ಕೆ ಬರುತ್ತೀಯಲ್ಲ, ಕಾಯುತ್ತಿರುತ್ತೇನೆ.

ಅಜ್ಜಿ