ಹದಿನೇಳನೆಯ ಅಂಗಿಯ ವಹಿ

ಬೆಟಗೇರಿ,
ಕಡುಬೇಸಿಗೆ ತಿಂಗಳ ನಲವತ್ತೇಳನೆಯ ದಿನ, ೨೨೧೪

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ, ನೀಲಾಂಬಿಕಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಏಪ್ರಿಲ್, ಮೇ ಎರಡನ್ನೂ ನಾವು ಸೇರಿಸಿ ಅರವತ್ತೊಂದು ದಿನಗಳ ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಆ ಬಿಸಿಲಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡಲಾಗದ ಮೇಲೆ ಅದಕ್ಕೆ ಎರಡು ಹೆಸರು ಯಾಕೆ ದಂಡ ಎಂದು ನಮ್ಮ ಮುತ್ತಜ್ಜಂದಿರು ತೀರ್ಮಾನಿಸಿದರಂತೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹಗಳನ್ನು ಓದಿಯೇ ನಾನು ಇಷ್ಟು ಕನ್ನಡ ಕಲಿತಿದ್ದೇನೆ. ಆದರೆ ಹೇಳಬೇಕಾದ ಸಂಗತಿಗಳಿಗೆ ನಿಮ್ಮಲ್ಲಿ ಹೆಸರೇ ಇರಲಿಲ್ಲ.

ನನ್ನ ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ಮಗ್ಗ ರಿಪೇರಿ ಮಾಡಿದೆ. ಆಮೇಲೆ ಆರು ವರ್ಷ ‘ಬೆಟಗೇರಿ ಲಾಳಿ’ ಎಂಬ ನಮ್ಮೂರಿನ ವೃತ್ತಿಪರ ಹಾಕಿ ತಂಡಕ್ಕೆ ನೋಡಾಳಾಗಿದ್ದೆ. ನೋಡಾಳು ಎಂದರೆ ನೋಡುವ ಆಳು, ಅಷ್ಟೇ. ಹದಿನಾರು ತುಂಬದ ಮಕ್ಕಳ ಮೇಲೆ ಯಾವ ಯಂತ್ರದ ಕಣ್ಣೂ ಬೀಳಬಾರದು, ಅವರ ಓಟವನ್ನೂ ಉಸಿರನ್ನೂ ಯಂತ್ರ ಅಳೆಯಬಾರದು ಎಂದು ನಮ್ಮಲ್ಲಿ ಕಾನೂನಿದೆ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಆದ ಅನಾಹುತಗಳ ನಂತರ ಬಂದ ಕಾನೂನದು. ಅದರ ಕಥೆ ಬೇಡ. ಹೀಗಾಗಿ ನಾಳೆ ಲಾಳಿ ತಂಡದಲ್ಲಿ ಆಡಬಲ್ಲ ಮಕ್ಕಳು ಯಾರೆಂದು ಕಂಡುಹಿಡಿಯಲು ಮತ್ತೆ ಮನುಷ್ಯರ ಕಣ್ಣೇ ಬೇಕಾಯಿತು. ನನ್ನಂಥ ಕೆಲಸವಿಲ್ಲದ ಮುದುಕ ಮುದುಕಿಯರಿಗೆ ಕಲ್ಲಿನ ಬೆಂಚು, ಒಂದು ಪೆನ್ಸಿಲ್ಲು, ಒಂದು ವಹಿ ಕೊಟ್ಟು ಕೂರಿಸಿದರು.

ಊರಿನಲ್ಲಿ ಮೂವತ್ತು ಓಣಿ. ಓಣಿಗೊಂದು ಅಂಗಿ, ಅಂಗಿಗೊಂದು ನಂಬರು, ನಂಬರಿಗೊಬ್ಬ ನೋಡಾಳು. ಹತ್ತನೆಯ ವಯಸ್ಸಿಗೆ ಅಂಗಿ ತೊಟ್ಟ ಮಗು ಹದಿನಾರು ತುಂಬುವವರೆಗೆ ಅದೇ ನಂಬರಿನಲ್ಲಿ ಆಡುತ್ತದೆ. ಮಗುವಿನ ಹೆಸರು, ಜಾತಿ, ಮನೆತನ ಯಾವುದೂ ನಮಗೆ ಗೊತ್ತಿರಬಾರದು. ಬಿಸಿಲಿಗೆಂದು ಮಕ್ಕಳು ತಲೆಯಿಂದ ಗದ್ದದವರೆಗೆ ತೆಳುಬಟ್ಟೆಯ ಕುಲಾವಿ ಹಾಕುವುದರಿಂದ ಮುಖವೂ ಕಾಣುವುದಿಲ್ಲ. ಎಲ್ಲಕ್ಕಿಂತ ಕಠಿಣವಾದ ಕಟ್ಟಳೆ ಮಾತಿನದು. ನೋಡಾಳು ಮಗುವಿನ ಜೊತೆ ಮಾತಾಡಕೂಡದು, ಚಪ್ಪಾಳೆ ತಟ್ಟಕೂಡದು, ಕೈ ಕೂಡ ಎತ್ತಕೂಡದು. ಕಂಡದ್ದನ್ನು ವಹಿಯಲ್ಲಿ ಬರೆಯಬೇಕು, ಎದ್ದು ಮನೆಗೆ ಹೋಗಬೇಕು. ಆ ವಹಿಯೇ ಮಗುವಿನ ಭವಿಷ್ಯ. ವಹಿ ಇಲ್ಲದವರನ್ನು ಯಾವ ಊರಿನ ತಂಡವೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ.

ಊರಿನವರಿಗೆ ಲಾಳಿ ತಂಡದ ಆಟಗಾರರಿಗಿಂತ ಈ ಮಕ್ಕಳ ಮೇಲೆಯೇ ಹುಚ್ಚು. ತಂಡ ಗೆದ್ದರೆ ಒಂದು ದಿನ ಮಾತಾಡುತ್ತಾರೆ. ಎಂಟನೆಯ ಅಂಗಿಯ ಮಗು ಚೆಂಡು ತಡೆಯುವುದನ್ನು ಕಲಿಯಿತಂತೆ ಎಂದರೆ ಮಿರ್ಚಿ ಅಂಗಡಿಯ ಮುಂದೆ ವಾರಗಟ್ಟಲೆ ವಾದ ನಡೆಯುತ್ತದೆ. ಈ ಹುಚ್ಚನ್ನು ಕಂಡು ನಾನು ಮೊದಮೊದಲು ನಗುತ್ತಿದ್ದೆ. ಹಗ್ಗದ ಓಣಿಯ ಹದಿನೇಳನೆಯ ಅಂಗಿ ನನ್ನ ಪಾಲಿಗೆ ಬಂದ ಮೇಲೆ ನಗು ನಿಂತಿತು.

ಹದಿನೇಳರ ಆಟವನ್ನು ಹೇಗೆ ಹೇಳಲಿ! ಬುಧವಾರದ ಆಟದಲ್ಲಿ ಅದು ಮಿಂಚು. ಚೆಂಡು ಇಲ್ಲಿದೆ ಅನ್ನುವಷ್ಟರಲ್ಲಿ ಅಲ್ಲಿ, ಅದನ್ನು ತಡೆಯಲು ಬಂದವರು ಬಗ್ಗಿದ ಭಂಗಿಯಲ್ಲೇ ಬಾಕಿ. ಸೋಮವಾರ ಬಂದರೆ ಅದೇ ಮಗು ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಸುಮ್ಮನೆ ನಿಲ್ಲುವುದು. ಎದುರಿನವರಿಗೆ ತಾಳ್ಮೆ ತಪ್ಪುವವರೆಗೆ ಕಾದು, ಅವರು ನುಗ್ಗಿದ ಸಂದಿಯಲ್ಲಿ ಮೆಲ್ಲಗೆ ಚೆಂಡು ದಾಟಿಸುವುದು. ಒಂದೇ ಮೈಯಲ್ಲಿ ಎರಡು ಆಟ. ಇಂಥದ್ದನ್ನು ನೋಡುವ ಪುಣ್ಯ ನನಗೆ ಬಂತಲ್ಲ ಎಂದು ಬೆಂಚಿನ ಮೇಲೆ ಕೂತು ಎಷ್ಟೋ ಸಲ ಕಣ್ಣೀರು ಹಾಕಿದ್ದೇನೆ. ಆದರೆ ಬುದ್ಧಿವಂತಿಕೆ ನೋಡಿ ನನ್ನದು! ವಹಿಯಲ್ಲಿ ಬರೆದದ್ದು ಹೀಗೆ: ‘ಸೋಮವಾರ ನಿಧಾನ. ಭಾನುವಾರ ಮನೆಯಲ್ಲಿ ಊಟ ಸರಿಯಾಗುವುದಿಲ್ಲ ಎಂದು ಕಾಣುತ್ತದೆ.’ ಅದನ್ನು ಓದಿ ತಂಡದವರು ಹಗ್ಗದ ಓಣಿಗೆ ಪ್ರತಿ ಭಾನುವಾರ ಹನ್ನೆರಡು ಮೊಟ್ಟೆ, ಒಂದು ಗಡಿಗೆ ಮೊಸರು ಕಳಿಸಿದರು. ಐದು ವರ್ಷ ಕಳಿಸಿದರು.

ಮಕ್ಕಳಿಗೆ ಹದಿನಾರು ತುಂಬಿದಾಗ ಕುಲಾವಿ ತೆಗೆಯುವ ದಿನ ಬರುತ್ತದೆ. ಮಗು ಮೈದಾನದ ನಡುವೆ ಬಂದು ಮುಖ ತೋರಿಸಿ ಹೆಸರು ಹೇಳಬೇಕು, ನೋಡಾಳು ವಹಿಯನ್ನು ಮೂರು ದಿನದೊಳಗೆ ಅದರ ಕೈಗೆ ಕೊಡಬೇಕು. ಈ ವರ್ಷ ಲಾಳಿ ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅದು ಹದಿನೇಳಕ್ಕೇ ಎಂದು ಊರೆಲ್ಲ ಒಪ್ಪಿತ್ತು. ಹದಿನೇಳು ಎಂದು ಕೂಗಿದರು. ಇಬ್ಬರು ಹುಡುಗಿಯರು ನಡೆದು ಬಂದರು.

ಒಬ್ಬಳು ಶಾಕಂಭರಿ, ಇನ್ನೊಬ್ಬಳು ಮೆಹರು. ಗೋಡೆಗೆ ಗೋಡೆ ಹತ್ತಿದ ಮನೆಗಳ ಮಕ್ಕಳು, ಎತ್ತರವೂ ಒಂದೇ. ತಂಡದ ವ್ಯವಸ್ಥಾಪಕ ಗದಿಗೆಪ್ಪ ಕೆಂಡಾಮಂಡಲವಾದ. ಮೆಹರು ತಲೆ ತಗ್ಗಿಸಲಿಲ್ಲ.

“ಓಣ್ಯಾಗ ಇಬ್ರು ಇದ್ವಿ, ನೀವು ಅಂಗಿ ಒಂದ ಕೊಟ್ರಿ. ಸೋಮವಾರ ಆಕಿ, ಬುಧವಾರ ನಾನು ಅಂತ ಹಿರ್ಯಾರು ಪಾಳಿ ಹಚ್ಚಿದ್ರು. ನಾವ್ ಇನ್ನೇನ್ ಮಾಡಬೇಕಿತ್ರಿ?”

“ಆರು ವರ್ಷ ನಮ್ಮ ಕಣ್ಣಾಗ ಮಣ್ಣ ಹಾಕ್ಯಾರ! ಇಡೀ ಓಣಿನ ಹೊರಗ ಹಾಕ್ರಿ!” ಎಂದು ಗದಿಗೆಪ್ಪ ಕೂಗಾಡಿದ.

ಪಕ್ಕದ ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ ಸಂಜೆಯೊಳಗೆ ಸುದ್ದಿಯಾಗುವ ಊರು ನಮ್ಮದು. ಅಂಥ ಊರಿನಲ್ಲಿ ಒಂದು ಇಡೀ ಓಣಿ ಆರು ವರ್ಷ ಬಾಯಿ ಬಿಟ್ಟಿರಲಿಲ್ಲ. ಗೊತ್ತಾಗದೆ ಉಳಿದವಳು ಆ ಮಗುವನ್ನು ದಿಟ್ಟಿಸಿ ನೋಡುವುದೇ ಕೆಲಸವಾಗಿದ್ದ ನಾನು. ನಾಚಿಕೆಯಿಂದ ಮುಖ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಎದೆ ತುಂಬಿ ಬಂತು. ಒಂದು ಪವಾಡ ಎಂದುಕೊಂಡದ್ದು ಎರಡಾಗಿತ್ತು.

ಕೊನೆಗೆ ಪಂಚರು ತೀರ್ಪು ಕೊಟ್ಟರು. ಜಾಗ ಒಂದು, ಹೆಸರೂ ಒಂದೇ. ಯಾರೆಂದು ನೋಡಾಳು ಬರೆಯಲಿ. ಬರೆಯದಿದ್ದರೆ ಓಣಿಯ ಅಂಗಿ ರದ್ದು. ಮೊದಲ ಸಲ ನಾನು ಆ ಹುಡುಗಿಯರ ಜೊತೆ ಮಾತಾಡಿದೆ. ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಗೆಳತಿಯರಲ್ಲವೇ, ಒಬ್ಬರು ಇನ್ನೊಬ್ಬರ ಹೆಸರು ಹೇಳಿ ನನ್ನ ಭಾರ ಇಳಿಸುತ್ತಾರೆ ಎಂದು ಆಸೆಪಟ್ಟಿದ್ದೆ. ಇಬ್ಬರೂ ಒಟ್ಟಿಗೆ “ನನ್ನ ಹೆಸರ ಬರೀರಿ” ಅಂದರು.

ಸರಿ, ಹದಿನೈದು ನಿಮಿಷ ಇಬ್ಬರನ್ನೂ ಎದುರುಬದುರು ಆಡಿಸಿ ಎಂದೆ. ಅಂಗಿ ಒಂದೇ ಇದ್ದದ್ದರಿಂದ ಆ ಇಬ್ಬರು ಅದುವರೆಗೆ ಒಮ್ಮೆಯೂ ಒಟ್ಟಿಗೆ ಮೈದಾನಕ್ಕೆ ಇಳಿದಿರಲಿಲ್ಲ. ಒಬ್ಬಳು ಆಡುವಾಗ ಇನ್ನೊಬ್ಬಳು ತಂತಿಬೇಲಿಯಾಚೆ ನಿಂತು ನೋಡುತ್ತಿದ್ದಳು. ಹಿರಿಯರೇ, ಆ ಹದಿನೈದು ನಿಮಿಷ ನೋಡಲು ನೀವು ಇರಬೇಕಿತ್ತು. ಒಬ್ಬಳ ಕೋಲು ಏಳುವ ಮೊದಲೇ ಇನ್ನೊಬ್ಬಳಿಗೆ ಚೆಂಡು ಎಲ್ಲಿ ಬೀಳುತ್ತದೆಂದು ಗೊತ್ತು. ಉಳಿದ ಇಪ್ಪತ್ತು ಮಕ್ಕಳು ಆಡುವುದನ್ನೇ ಮರೆತು ನಿಂತರು. ಕೂಗಾಡಿದ್ದ ಗದಿಗೆಪ್ಪ ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ಕೊನೆಯ ನಿಮಿಷದಲ್ಲಿ ಮೆಹರು ಒಂದು ಹೆಜ್ಜೆ ಮುಂದಾಗಿ ಗೋಲು ಹೊಡೆದಳು.

ನಾನು ಮೆಹರು ಎಂದು ಬರೆದೆ. ಕಾರಣ ಬರೆಯುವ ಜಾಗದಲ್ಲಿ ಆ ಒಂದು ಗೋಲನ್ನು ಬರೆಯಲು ಮನಸ್ಸು ಒಪ್ಪಲಿಲ್ಲ. ವಹಿ ತಿರುವಿ, ಆರು ವರ್ಷಗಳಲ್ಲೇ ದೊಡ್ಡದೆಂದು ನಾನು ಗೆರೆ ಎಳೆದಿದ್ದ ಒಂದು ಬುಧವಾರದ ಪುಟವನ್ನು ಸೂಚಿಸಿದೆ. ತಂಡದ ಪಟ್ಟಿಗೆ ಮುದ್ರೆ ಬಿತ್ತು. ಮುದ್ರೆ ಬಿದ್ದ ಪಟ್ಟಿ ಬದಲಾಗುವುದಿಲ್ಲ. ವಹಿ ಮೆಹರುವಿಗೆ ಸೇರಬೇಕು. ಅದನ್ನು ಮೂರು ದಿನ ಇಟ್ಟುಕೊಂಡು ಪ್ರತಿ ಮಾಡಿ ಕೊಡುವುದು ರೂಢಿ.

ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಶಾಕಂಭರಿ ಬಂದಳು. ಜಗಳಕ್ಕೆ ಬಂದಿರಬಹುದು ಎಂದುಕೊಂಡೆ. ಹೊಸ್ತಿಲ ಮೇಲೆ ಕೂತು, “ಆಯಿ, ವಹಿ ಒಮ್ಮೆ ಕೊಡ್ರಿ. ನನ್ನ ದಿನಾ ಯಾವು ಅಂತ ನೋಡಬೇಕು,” ಅಂದಳು. ಪೆನ್ಸಿಲ್ಲು ತಾನೇ ತಂದಿದ್ದಳು. ಒಂದೊಂದೇ ಪುಟ ಓದುತ್ತ ತನ್ನದೆಂದು ಕಂಡ ಕಡೆ ಅಂಚಿನಲ್ಲಿ ಸಣ್ಣ ಗೀಟು ಹಾಕುತ್ತ ಹೋದಳು. ಊಟದ ಮಾತು ಬಂದಲ್ಲಿ ನಕ್ಕಳು. “ತತ್ತಿ ಇಬ್ರೂ ಹಂಚಕೊಂಡ ತಿಂದೇವ್ರಿ,” ಅಂದಳು.

ಆಮೇಲೆ ಆ ಬುಧವಾರದ ಪುಟ ಬಂತು. ಅದರಲ್ಲಿ ನಾನು ಬರೆದದ್ದು ಇಷ್ಟು: ‘ಆಟ ಮುಗಿದು ಎಲ್ಲರೂ ಹೋದರು. ಮೊಣಕಾಲು ಹಿಡಿದದ್ದರಿಂದ ನಾನು ಏಳಲಾರದೆ ಕೂತಿದ್ದೆ. ಹದಿನೇಳು ಒಂಟಿಯಾಗಿ ಚೆಂಡನ್ನು ಮೇಲಕ್ಕೆ ಹಾರಿಸಿ, ಬೀಳುವಾಗ ಕೋಲಿನ ಮೇಲೆ ತಡೆಯಲು ನೋಡುತ್ತಿತ್ತು. ನಲವತ್ತು ಸಲ ಚೆಂಡು ಸಿಡಿದು ಓಡಿತು, ನಲವತ್ತು ಸಲವೂ ಹೋಗಿ ತಂದಿತು. ನಲವತ್ತೊಂದನೆಯ ಸಲ ಚೆಂಡು ಆಕಾಶದಿಂದ ಇಳಿದು ಕೋಲಿನ ಮೇಲೆ ಕೂತಿತು. ಸದ್ದೇ ಆಗಲಿಲ್ಲ. ಎದ್ದು ನಿಂತು ಕೈಮುಗಿಯಬೇಕೆನಿಸಿತು. ಕಟ್ಟಳೆ ನೆನಪಾಗಿ ಸುಮ್ಮನಾದೆ.’

ಶಾಕಂಭರಿ ಆ ಪುಟದ ಅಂಚಿಗೆ ಗೀಟು ಹಾಕಿದಳು. ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು.

“ಅವತ್ತ ಮೆಹರೂಗ ಜ್ವರ ಬಂದಿತ್ರಿ, ಆಯಿ. ಆಕಿ ಪಾಳಿಗೆ ನಾ ಹೋಗಿದ್ದೆ.” ಆ ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡಳು. “ಯಾರೂ ನೋಡ್ಲಿಲ್ಲ ಅಂತ ತಿಳದಿದ್ದೆ.”

ಅವಳ ದಿನವನ್ನು ಕಾರಣ ಮಾಡಿ ನಾನು ಅವಳ ಜಾಗವನ್ನು ಗೆಳತಿಗೆ ಬರೆದುಕೊಟ್ಟಿದ್ದೆ. ಆದರೆ ತಾನು ಒಬ್ಬಳೇ ಎಂದುಕೊಂಡಿದ್ದ ಆ ಸಂಜೆ ಯಾರೋ ಒಬ್ಬರು ಕೂತು ನೋಡಿದ್ದರಲ್ಲ ಎಂಬುದೇ ಅವಳಿಗೆ ದೊಡ್ಡದಾಗಿತ್ತು. ನಾನು ವಹಿಯ ಹೊಲಿಗೆ ಬಿಚ್ಚಿದೆ. ಗೀಟು ಬಿದ್ದ ಪುಟಗಳನ್ನು ಬೇರೆ ಮಾಡಿ, ಮಗ್ಗದ ರೇಷ್ಮೆ ದಾರದಿಂದ ಎರಡು ವಹಿ ಹೊಲಿದೆ. ಎರಡರ ಮೇಲೂ ನನ್ನ ಸಹಿ ಹಾಕಿದೆ. ವಹಿ ಒಡೆದ ನೋಡಾಳಿಗೆ ಮತ್ತೆ ಬೆಂಚಿನ ಮೇಲೆ ಕೂರುವ ಹಕ್ಕಿಲ್ಲ. ಗದಿಗೆಪ್ಪ ಬಂದು ತಲೆ ತಗ್ಗಿಸಿಕೊಂಡು ನನ್ನ ಪೆನ್ಸಿಲ್ಲು ತೆಗೆದುಕೊಂಡು ಹೋದ. ಮೆಹರು ತನ್ನ ತೆಳುವಾದ ವಹಿ ನೋಡಿ ಮೂರು ದಿನ ಮುನಿಸಿಕೊಂಡಿದ್ದಳು. ನಾಲ್ಕನೆಯ ದಿನ ಗೆಳತಿಯನ್ನು ತಾನೇ ಹುಬ್ಬಳ್ಳಿ ತಂಡದ ಬಾಗಿಲವರೆಗೆ ಬಿಟ್ಟು ಬಂದಳು. ಅಲ್ಲಿನವರು ವಹಿ ಓದಿ, ಒಂದು ಹಂಗಾಮು ಆಡಿ ತೋರಿಸು ಎಂದಿದ್ದಾರೆ. ಉಳಿಸಿಕೊಳ್ಳುತ್ತಾರೋ ಇಲ್ಲವೋ ದೀಪಾವಳಿಗೆ ಗೊತ್ತಾಗುತ್ತದೆ.

ಹಿರಿಯರೇ, ಈ ಕಾಗದ ಬರೆದದ್ದು ಒಂದು ಬೇಡಿಕೆಗಾಗಿ. ನಿಮ್ಮೂರಿನ ಮೈದಾನದಲ್ಲಿಯೂ ಮಕ್ಕಳು ಆಡುತ್ತಿರುತ್ತಾರೆ. ಆಟ ಮುಗಿದ ತಕ್ಷಣ ಎದ್ದು ಹೋಗಬೇಡಿ. ಸ್ವಲ್ಪ ಹೊತ್ತು ಕೂತಿರಿ. ಯಾವುದಾದರೂ ಮಗು ಬೆರಗಾಗುವಂಥದ್ದು ಮಾಡಿದ್ದನ್ನು ಕಂಡರೆ, ಹತ್ತಿರ ಹೋಗಿ, ನಾನು ನೋಡಿದೆನವ್ವಾ ಎಂದು ಹೇಳಿ. ನಾವು ಹೇಳುವ ಹಾಗಿಲ್ಲ, ನಮಗೆ ಕಟ್ಟಳೆಯಿದೆ. ಹೇಳಬೇಡಿ ಎಂದು ನಿಮ್ಮನ್ನು ಯಾರೂ ತಡೆದಿಲ್ಲ.