ಸುಣ್ಣದ ವೃತ್ತದೊಳಗೆ ನಿಂತು ತಾರಸಿ ಹಾಕುವುದು ಹೇಗೆ?

ಲಾಕ್‌ಡೌನಿನಲ್ಲೂ ಕಟ್ಟಡ ಕೆಲಸಕ್ಕೆ ಅನುಮತಿ ದಯಪಾಲಿಸಿದ ಮಾನ್ಯ ಅಧಿಕಾರಿಗಳೇ,

ನಿನ್ನೆ ಕೆಟ್ಟ ಕನಸು ಬಿತ್ತು. ಕಾಂಕ್ರೀಟು ತುಂಬಿದ ಬಾಣಲೆ ನನ್ನ ಕೈಗೆ ಬಂತು. ಮುಂದಕ್ಕೆ ದಾಟಿಸೋಣವೆಂದರೆ ಪಕ್ಕದಲ್ಲಿ ಕೈ ಚಾಚುವವರೇ ಇಲ್ಲ. ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತವೊಂದೇ ಇದೆ. ಬಾಣಲೆಯಲ್ಲಿದ್ದದ್ದು ಗಟ್ಟಿಯಾಗುತ್ತಾ ಬಂತು, ನನ್ನ ಕೈಯೂ. ಎದ್ದ ಮೇಲೆ ಹೊಳೆಯಿತು: ಕೆಲಸದ ಸಾಲಿನಲ್ಲಿ ನನ್ನ ಪಕ್ಕದ ಆ ಜಾಗ ಜಲಜಮ್ಮನದು. ಅವಳೀಗ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾಳೆ. ಸೋಮವಾರ ಮೇಲಂತಸ್ತಿನ ತಾರಸಿಗೆ ಅವಳ ಬದಲು ಮಗಳು ಆಶಾ ಬರಬೇಕಂತೆ. ಆಶಾಳಿಗೂ ಮೊನ್ನೆಯಿಂದ ಕೆಮ್ಮು. ನನ್ನ ತಕರಾರು ಇಷ್ಟೇ.

ಏಳನೇ ಕ್ಲಾಸು ಮುಗಿಸದವಳು ನಾನು. ಈ ರೋಗದ ಬುದ್ಧಿ ನನಗೆ ಅರ್ಥವಾಗುವುದಿಲ್ಲ. ಮದುವೆಗೆ ಜನ ಸೇರಿದರೆ ಹರಡುತ್ತದೆ, ಅದಕ್ಕೇ ನಮ್ಮ ಕೇರಿಯ ಹೂವಪ್ಪನ ಮಗನ ಮದುವೆ ಮನೆಯವರಷ್ಟೇ ನಿಂತು ಮುಗಿಯಿತು. ಸಿಗಂದೂರಿನ ದೇವಿಗೂ ಬಾಗಿಲು ಹಾಕಿಸಿದಿರಿ, ಹೊಸನಗರದ ಬಸ್ಸೂ ನಿಂತಿತು. ಆದರೆ ನಮ್ಮೂರಲ್ಲಿ ತಾವು ಕಟ್ಟಿಸುತ್ತಿರುವ ಅತಿಥಿಗೃಹಕ್ಕೆ ಊರಿಗೂರೇ ಸಾಲುಗಟ್ಟಿ ತಾರಸಿ ಹಾಕಿದರೆ ಹರಡುವುದಿಲ್ಲ. ಸರ್ಕಾರಿ ಕೆಲಸವೆಂದರೆ ರೋಗಕ್ಕೂ ಗೌರವ ಇರಬೇಕು! ಯಾರೂ ಮನೆ ಬಿಟ್ಟು ಹೊರಡಬಾರದ ಕಾಲದಲ್ಲಿ ಆ ಅತಿಥಿಗಳು ಎಲ್ಲಿಂದ ಬರುತ್ತಾರೆ, ಅದೂ ಇಷ್ಟು ಅವಸರದಲ್ಲಿ?

ತಾವು ತಪಾಸಣೆಗೆ ಬಂದದ್ದು ನಿಜ, ಸುಳ್ಳು ಹೇಳಬಾರದು. ಅವತ್ತು ಮೇಸ್ತ್ರಿ ಜಟ್ಟಿಂಗಪ್ಪ, ರೇಷನ್ ಅಂಗಡಿಯ ಮುಂದೆ ಬರೆಯುವ ಹಾಗೆ ಸುಣ್ಣದಲ್ಲಿ ವೃತ್ತ ಬರೆದು ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿದ್ದ. ತಾವು ಟೇಪು ಹಿಡಿಸಿ ಅಳೆದಿರಿ, "ಬಹಳ ಶಿಸ್ತು" ಎಂದಿರಿ, ಫೋಟೋ ತೆಗೆಸಿದಿರಿ. ಜೀಪು ತಿರುವು ದಾಟುವ ಮೊದಲೇ ಮಿಕ್ಸರ್ ತಿರುಗತೊಡಗಿತು. ಇಲ್ಲಿ ಮೇಲೆತ್ತುವ ಯಂತ್ರವಿಲ್ಲ ಸ್ವಾಮಿ. ಬಾಣಲೆ ಕೆಳಗಿನಿಂದ ಮೇಲಿನವರೆಗೂ ಕೈಯಿಂದ ಕೈಗೇ ಹೋಗಬೇಕು. ಆರಡಿ ದೂರದಿಂದ ಬಾಣಲೆ ಎಸೆಯುವ ವಿದ್ಯೆ ಯಾವ ಸುತ್ತೋಲೆಯಲ್ಲಿದೆ? ಇನ್ನು ಮಾಸ್ಕು. ಸಿಮೆಂಟಿನ ಧೂಳು ಬೆವರಿನಲ್ಲಿ ಕಲಸಿಕೊಂಡು ಮೂಗಿನ ಮೇಲೆ ಅದೇ ಒಂದು ಪುಟ್ಟ ತಾರಸಿಯಾಗುತ್ತದೆ.

ಅವತ್ತೇ ಮಧ್ಯಾಹ್ನದ ಹೊತ್ತಿಗೆ ಜಲಜಮ್ಮ, "ಕನ್ನಮ್ಮಕ್ಕಾ, ಮೈ ಸುಡ್ತಾ ಐತೆ, ಉಸ್ರೇ ಸಾಲ್ತಿಲ್ಲ ಕಣಕ್ಕಾ" ಅಂದಳು. ನಾನು ಮೇಸ್ತ್ರಿಯನ್ನು ಕೂಗಿದೆ.

"ಮಧ್ಯ ನಿಲ್ಸಿದ್ರೆ ಜಾಯಿಂಟ್ ಬಿಡ್ತದೆ ಮಾರಾಯ್ತಿ, ಮಳೆಗೆ ಸೋರ್ತದೆ. ಇನ್ನೊಂಚೂರು ತಡ್ಕಳಕ್ಕೆ ಹೇಳು."

"ತಾರ್ಸಿ ಸೋರಿದ್ರೆ ಟಾರು ಬಳೀತೀಯ. ಅವಳ ಉಸ್ರು ಸೋರಿದ್ರೆ ಎಂತ ಬಳೀತೀಯ ಜಟ್ಟಿಂಗಪ್ಪಣ್ಣ?"

ಎಲ್ಲರೂ ನಕ್ಕರು. ಜಲಜಮ್ಮನೂ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮುತ್ತಲೇ ನನ್ನ ಕೈಯಿಂದ ಬಾಣಲೆ ತೆಗೆದುಕೊಂಡಳು. ಕೆಳಗಿನ ಅಂತಸ್ತಿನ ತಾರಸಿ ಮುಗಿಯಿತು. ಅದು ಸೋರುವುದಿಲ್ಲ, ತಾವು ಚಿಂತೆ ಮಾಡಬೇಡಿ.

ಚಿಂತೆ ನನಗಿರಲಿ, ತಾವು ಸೋಮವಾರದ ತಾರಸಿ ನಿಲ್ಲಿಸಿ. ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಪರೀಕ್ಷೆ ಮಾಡಿಸಿ, ಕೆಲಸವಿಲ್ಲದ ದಿನಗಳಿಗೆ ಮನೆಗೆ ಅಕ್ಕಿ ಕಳಿಸಿ. ಅಕ್ಕಿಯಿಲ್ಲದೆ ಆಶಾ ಮನೆಯಲ್ಲಿ ಕೂರುವುದಿಲ್ಲ, ನಾನೂ ಕೂರುವುದಿಲ್ಲ. ಅಷ್ಟೂ ಆಗದಿದ್ದರೆ, ಮಿಕ್ಸರ್ ತಿರುಗುವಾಗ ಒಮ್ಮೆ ಬನ್ನಿ, ಅದೇ ಟೇಪು ತನ್ನಿ. ಆ ಅಳತೆಯನ್ನು ಇನ್ನೊಂದು ಸಲ ನೋಡಿಬಿಡಿ: ವೃತ್ತದಿಂದ ವೃತ್ತಕ್ಕಲ್ಲ, ನನ್ನ ಕೈಯಿಂದ ಆಶಾಳ ಕೈಗೆ.

ಇಂತಿ,
ತಮ್ಮ ಫೋಟೋದಲ್ಲಿ ಮಾತ್ರ ಆರಡಿ ದೂರ ನಿಂತಿರುವ
ಕನ್ನಮ್ಮ